ಸಂಪಾದಕರ ಉತ್ತರ: ಕ್ರೂ ಚೀಫ್‌ ಮಾಡುವ ಕೆಲಸವೇನು?

ಪತ್ರ: ‘ಕಳೆದ ಸಂಚಿಕೆಯಲ್ಲಿ ಅಮೆರಿಕದ ನಾಸ್ಕಾರ್ ರೇಸಿನ ಕ್ರೂ ಚೀಫ್‌ನನ್ನು “ಮುಖ್ಯ ಮೆಕ್ಯಾನಿಕ್” ಎಂದು ಬರೆದಿದ್ದೀರಿ. ನಾನು ನೋಡಿದ ವಿಡಿಯೊಗಳಲ್ಲೆಲ್ಲ ಆತ ಎತ್ತರದ ಪೆಟ್ಟಿಗೆಯ ಮೇಲೆ ಕೂತು ರೇಡಿಯೊದಲ್ಲಿ ಮಾತಾಡುತ್ತಾನೆ, ಸ್ಪ್ಯಾನರ್ ಮುಟ್ಟುವುದೇ ಇಲ್ಲ. ಹಾಗಾದರೆ ಆತನ ಕೆಲಸವೇನು? ಮೆಕ್ಯಾನಿಕಲ್ ಮೂರನೇ ವರ್ಷದಲ್ಲಿದ್ದೇನೆ, ಕಾಲೇಜಿನ ಫಾರ್ಮುಲಾ ಸ್ಟೂಡೆಂಟ್ (ವಿದ್ಯಾರ್ಥಿಗಳೇ ಕಾರು ಕಟ್ಟಿ ಓಡಿಸುವ ಸ್ಪರ್ಧೆ) ತಂಡದಲ್ಲಿದ್ದೇನೆ. ಆ ಕೆಲಸಕ್ಕೆ ಹೋಗುವ ದಾರಿ ಯಾವುದು?’ — ದಾವಣಗೆರೆಯ ಒಬ್ಬ ಓದುಗ

ಉತ್ತರ: ನಿಮ್ಮ ಆಕ್ಷೇಪ ಸರಿ, ನಮ್ಮ ಪದ ತಪ್ಪಿತ್ತು. ಐವತ್ತು ವರ್ಷದ ಹಿಂದಾಗಿದ್ದರೆ ಅದೇ ಪದ ಒಪ್ಪುತ್ತಿತ್ತು. ಹೆಸರಾಂತ ಡ್ರೈವರ್ ರಿಚರ್ಡ್ ಪೆಟ್ಟಿಯ ಸೋದರಸಂಬಂಧಿ, ಕ್ರೂ ಚೀಫ್ ಡೇಲ್ ಇನ್‌ಮನ್ ಕಾರಿನ ಕೆಲಸವನ್ನೂ ರೇಸಿನ ದಿನದ ಲೆಕ್ಕವನ್ನೂ ಒಟ್ಟಿಗೆ ಹೊತ್ತಿದ್ದವರು. ಅವರ ಹೆಸರಿನಲ್ಲಿ 193 ಗೆಲುವು, 8 ಚಾಂಪಿಯನ್‌ಶಿಪ್ ಇವೆ: ಏಳು ಪೆಟ್ಟಿಯ ಜೊತೆ, ಒಂದು 1984ರಲ್ಲಿ ಟೆರಿ ಲಬಾಂಟಿಯ ಜೊತೆ. 1990ರ ದಶಕದಲ್ಲಿ ಡ್ರೈವರ್ ಜೆಫ್ ಗಾರ್ಡನ್‌ರ ಕ್ರೂ ಚೀಫ್ ರೇ ಎವರ್ನ್‌ಹ್ಯಾಮ್ ಪಿಟ್‌ನ (ರೇಸಿನ ನಡುವೆ ಕಾರು ನಿಲ್ಲಿಸಿ ಟೈರು ಬದಲಿಸುವ, ಇಂಧನ ತುಂಬುವ ಜಾಗ) ಕೆಲಸಕ್ಕೇ ಬೇರೆ ತರಬೇತುದಾರನನ್ನು ತಂದರು. ಕಾಲೇಜಿನಲ್ಲಿ ಅಮೆರಿಕನ್ ಫುಟ್‌ಬಾಲ್ ಆಡಿದವರು ಟೈರು ಹೊರಲು ಬಂದರು, ಮೆಕ್ಯಾನಿಕ್‌ಗಳು ಗ್ಯಾರೇಜಿಗೆ ಸರಿದರು. 2022ರಲ್ಲಿ ನೆಕ್ಸ್ಟ್ ಜೆನ್ ಎಂಬ ಹೊಸ ಮಾದರಿಯ ಕಾರು ಬಂದ ಮೇಲೆ ಚಾಸಿ, ಸಸ್ಪೆನ್ಷನ್, ಗೇರ್‌ಬಾಕ್ಸ್, ಬಾಡಿ ಎಲ್ಲವೂ ನಿಗದಿತ ಪೂರೈಕೆದಾರರಿಂದಲೇ ಬರಬೇಕು. ಎಲ್ಲ ತಂಡಗಳ ಬಳಿ ಇರುವುದು ಅದೇ ಸಾಮಾನು. ಗೆಲ್ಲಬೇಕಾದದ್ದು ಅದನ್ನು ಹೊಂದಿಸುವುದರಲ್ಲಿ.

ಹೊಂದಿಸುವುದು ಶುರುವಾಗುವುದು ಡ್ರೈವರ್‌ನ ಮಾತಿನಿಂದ. ಆತ ಬಳಸುವುದು ಮುಖ್ಯವಾಗಿ ಎರಡು ಪದ: ಟೈಟ್, ಲೂಸ್. ಸ್ಟೀರಿಂಗ್ ತಿರುಗಿಸಿದರೂ ಮೂತಿ ತಿರುಗದೆ ಕಾರು ಗೋಡೆಯ ಕಡೆ ಸರಿದರೆ ಟೈಟ್. ಹಿಂಭಾಗ ಜಾರಿ ಮುಂದೆ ಬರಲು ನೋಡಿದರೆ ಲೂಸ್. ‘ಒಳಗೆ ಹೋಗುವಾಗ ಲೂಸ್, ನಡುವೆ ಟೈಟ್, ಗ್ಯಾಸ್ (ಆಕ್ಸಿಲರೇಟರ್) ಒತ್ತಿದಾಗ ಮತ್ತೆ ಲೂಸ್’ ಎಂದು ಡ್ರೈವರ್ ಹೇಳಿದರೆ ಕ್ರೂ ಚೀಫ್ ಅದನ್ನು ಪೌಂಡು, ಪಿಎಸ್‌ಐ (ಟೈರಿನ ಒತ್ತಡದ ಅಳತೆ), ವ್ರೆಂಚಿನ ಸುತ್ತುಗಳಿಗೆ ಇಳಿಸಬೇಕು. ಈ ಅನುವಾದವೇ ಅವನ ಕಸುಬು. ಉಳಿದದ್ದೆಲ್ಲ ಇದರ ಸುತ್ತ ಬೆಳೆದದ್ದು.

ರೇಸಿನ ನಡುವೆ ಅವನ ಕೈಯಲ್ಲಿರುವ ಉಪಾಯ ಕೆಲವೇ. ಒಂದು ವೆಡ್ಜ್. ಹಿಂದಿನ ಗಾಜಿನಲ್ಲಿರುವ ತೂತಿಗೆ ಉದ್ದನೆಯ ವ್ರೆಂಚ್ ಇಳಿಸಿ ಹಿಂದಿನ ಸ್ಪ್ರಿಂಗಿನ ಒತ್ತಡವನ್ನು ಏರಿಸುವುದು ಅಥವಾ ಇಳಿಸುವುದು. ನಾಲ್ಕು ಕಾಲಿನ ಮಂಚದ ಒಂದು ಕಾಲಿನ ಅಡಿಗೆ ಚಕ್ಕೆ ಇಟ್ಟು ನೋಡಿ: ಆ ಕಾಲಿನ ಜೊತೆಗೆ ಕರ್ಣದ ಎದುರಿನ ಕಾಲೂ ಭಾರ ಹೊರುತ್ತದೆ, ಮಿಕ್ಕೆರಡು ಹಗುರಾಗುತ್ತವೆ. ಕಾರಿನಲ್ಲೂ ಹಾಗೇ. ಎಡ ಹಿಂಭಾಗದ ಸ್ಪ್ರಿಂಗನ್ನು ಒತ್ತಿದರೆ ಎಡ ಹಿಂದಿನ ಮತ್ತು ಬಲ ಮುಂದಿನ ಟೈರುಗಳ ಮೇಲೆ ಭಾರ ಹೆಚ್ಚಿ, ಎಡಕ್ಕೇ ತಿರುಗುವ ಓವಲ್ ಟ್ರ್ಯಾಕಿನಲ್ಲಿ ಕಾರು ಟೈಟ್ ಆಗುತ್ತದೆ. ಸಡಿಲಿಸಿದರೆ ಲೂಸ್.

ಇನ್ನೊಂದು ಟೈರಿನ ಗಾಳಿ. ತಂಡಗಳು ತುಂಬಿಸುವುದು ನೈಟ್ರೋಜನ್, ಏಕೆಂದರೆ ತೇವವಿಲ್ಲದ ಅನಿಲದ ಒತ್ತಡ ಬಿಸಿಗೆ ಎಷ್ಟು ಏರುತ್ತದೆಂದು ಮೊದಲೇ ಅಂದಾಜಿಸಬಹುದು. ಬಲ ಹಿಂದಿನ ಟೈರಿಗೆ ಅರ್ಧ ಪಿಎಸ್‌ಐ ಹೆಚ್ಚಿಸಿದರೆ ಕಾರು ಲೂಸ್ ಕಡೆ ಜರುಗುತ್ತದೆ. ಕೆಟ್ಟುಹೋಗುವುದು ಬಹುಪಾಲು ಇಲ್ಲೇ. ಒತ್ತಡ ಕಡಿಮೆ ಇಟ್ಟರೆ ಮೊದಲ ಸುತ್ತುಗಳಲ್ಲಿ ಹಿಡಿತ ಸಿಗುತ್ತದೆ, ಆದ್ದರಿಂದ ಟೈರು ಪೂರೈಸುವ ಗುಡ್‌ಇಯರ್ ಶಿಫಾರಸು ಮಾಡಿದ್ದಕ್ಕಿಂತ ಕೆಳಗಿಳಿಯುವ ಆಸೆ ಎಲ್ಲರಿಗೂ. ನೆಕ್ಸ್ಟ್ ಜೆನ್‌ನ 18 ಇಂಚಿನ ಚಕ್ರಕ್ಕೆ ಟೈರಿನ ಪಕ್ಕೆ ಗಿಡ್ಡ. ಗಾಳಿ ಕಡಿಮೆಯಾದರೆ ಆ ಗಿಡ್ಡ ಪಕ್ಕೆಯೇ ಪ್ರತಿ ಸುತ್ತಿನಲ್ಲೂ ಮಡಚಿ ಮಡಚಿ ಕಾದು ಹರಿಯುತ್ತದೆ. 2022ರಲ್ಲಿ ಟೆಕ್ಸಸ್‌ನಲ್ಲಿ ಒಂದರ ಹಿಂದೊಂದು ಕಾರು ಟೈರು ಒಡೆದು ಗೋಡೆಗೆ ಬಡಿದಾಗ ಗುಡ್‌ಇಯರ್ ಬೊಟ್ಟು ಮಾಡಿದ್ದು ಕೆಲವು ತಂಡಗಳ ಕಡಿಮೆ ಒತ್ತಡದ ಕಡೆಗೆ.

ಇಂಧನದ ಲೆಕ್ಕ ಅಂಕಗಣಿತವೇ, ಆದರೆ ನಿರ್ದಯಿ. ಟ್ಯಾಂಕಿನಲ್ಲಿ 20 ಗ್ಯಾಲನ್, ಅಂದರೆ ಸುಮಾರು 76 ಲೀಟರ್. ಮೈಲೇಜಿನ ಅಂದಾಜು ಗ್ಯಾಲನ್‌ಗೆ ಬರೀ 0.1 ಮೈಲಿ ತಪ್ಪಿದರೂ ತುಂಬಿದ ಟ್ಯಾಂಕಿಗೆ 2 ಮೈಲಿ ವ್ಯತ್ಯಾಸ. ಒಂದೂವರೆ ಮೈಲಿಯ ಟ್ರ್ಯಾಕಿನಲ್ಲಿ ಅದು ಒಂದು ಸುತ್ತಿಗಿಂತ ಹೆಚ್ಚು. ಮುಂದಿದ್ದ ಕಾರು ಕೊನೆಯ ಸುತ್ತಿನಲ್ಲಿ ಕೆಮ್ಮಿ ನಿಲ್ಲುವುದು ಹೀಗೆ. ಅದಕ್ಕೇ ಇಂಧನದ ಕ್ಯಾನನ್ನು ಸುರಿಯುವ ಮೊದಲೂ ಆಮೇಲೂ ತೂಗುತ್ತಾರೆ. ಎಷ್ಟು ಒಳಗೆ ಹೋಯಿತು ಎಂಬುದಕ್ಕೆ ತಕ್ಕಡಿಯೇ ಸಾಕ್ಷಿ. ನಾಲ್ಕು ಟೈರು ಬದಲಾಗುವುದಕ್ಕೆ ಈಗ 10 ಸೆಕೆಂಡಿಗಿಂತ ಕಡಿಮೆ ಸಾಕಾಗುವುದರಿಂದ, ಜಾಕ್ ಇಳಿದರೂ ಟ್ಯಾಂಕ್ ತುಂಬಿರದ ಸಂದರ್ಭ ಬರುತ್ತದೆ. ಆಗ ಹೊರಡಬೇಕೋ ಒಂದು ಸೆಕೆಂಡು ಕಾಯಬೇಕೋ ಎಂಬುದೂ ಅವನದೇ ತೀರ್ಮಾನ.

ಹೊಣೆಯೂ ಅವನದೇ, ಈ ಮಾತನ್ನು ಹಗುರವಾಗಿ ಓದಬೇಡಿ. ಪೂರೈಕೆದಾರರ ಭಾಗವನ್ನು ತಿದ್ದಿದ್ದು ಸಿಕ್ಕರೆ ಶಿಕ್ಷೆಯ ಪತ್ರ ಬರುವುದು ಕ್ರೂ ಚೀಫ್ ಹೆಸರಿಗೆ. 2023ರ ಮಾರ್ಚ್‌ನಲ್ಲಿ ಫೀನಿಕ್ಸ್‌ನಲ್ಲಿ ಹೆಂಡ್ರಿಕ್ ತಂಡದ ಕಾರುಗಳ ಬಾನೆಟ್ಟಿನ ಲೂವರ್‌ಗಳನ್ನು (ಗಾಳಿ ಹಾಯುವ ಸೀಳುಗಳು) ನಾಸ್ಕಾರ್ ವಶಪಡಿಸಿಕೊಂಡಿತು. ತಂಡದ ನಾಲ್ವರೂ ಕ್ರೂ ಚೀಫ್‌ಗಳಿಗೆ ತಲಾ 1,00,000 ಡಾಲರ್ ದಂಡ, ನಾಲ್ಕು ರೇಸುಗಳ ಅಮಾನತು. ಶಿಕ್ಷೆಯಲ್ಲಿ ಕಳೆದುಕೊಂಡ ಅಂಕಗಳು ಮೇಲ್ಮನವಿಯಲ್ಲಿ ಮರಳಿದವು. ದಂಡವೂ ಅಮಾನತೂ ಉಳಿದವು. ಚಕ್ರದ ವಿಷಯವೂ ಇದೆ. ಮೊದಲು ಐದು ನಟ್ಟು ಇದ್ದಲ್ಲಿ ಈಗ ಮಧ್ಯದಲ್ಲಿ ಒಂದೇ ನಟ್ಟು. ಐದರಲ್ಲಿ ಒಂದು ಸಡಿಲವಾದರೆ ಡ್ರೈವರ್‌ಗೆ ನಡುಕ ಗೊತ್ತಾಗುತ್ತಿತ್ತು. ಇರುವ ಒಂದೇ ನಟ್ಟು ಕೂರದಿದ್ದರೆ ಚಕ್ರವೇ ಕಳಚಿ ಉರುಳುತ್ತದೆ. 2022ರಲ್ಲಿ ಅದಕ್ಕೆ ಕ್ರೂ ಚೀಫ್‌ಗೂ ನಾಲ್ಕು ರೇಸುಗಳ ಅಮಾನತು ಇತ್ತು. ನಟ್ಟು ಬಿಗಿದ ಕೈಗಳು ಬೇರೆಯವರವು. ಮರುವರ್ಷ ನಾಸ್ಕಾರ್ ಆ ನಿಯಮವನ್ನು ತಿದ್ದಿ ಕ್ರೂ ಚೀಫ್‌ನನ್ನು ಅದರಿಂದ ಬಿಟ್ಟಿತು. ನಮ್ಮ ಮಟ್ಟಿಗೆ ಅದು ನ್ಯಾಯವಾದ ತಿದ್ದುಪಡಿ.

ಇನ್ನು ದಾರಿ. ತಂಡಗಳ ಕಾರ್ಖಾನೆಗಳಲ್ಲಿ ಹೆಚ್ಚಿನವು ಉತ್ತರ ಕ್ಯಾರೊಲೈನಾದ ಷಾರ್ಲಟ್ ಸುತ್ತಮುತ್ತಲೇ ಇವೆ: ಕಾಂಕರ್ಡ್, ಮೂರ್ಸ್‌ವಿಲ್, ಹಂಟರ್ಸ್‌ವಿಲ್. ಹಿಂದೆ ಜನ ಊರಿನ ಸಣ್ಣ ಟ್ರ್ಯಾಕುಗಳಿಂದ ಬರುತ್ತಿದ್ದರು. ಜಿಮ್ಮಿ ಜಾನ್ಸನ್ ಜೊತೆ ಏಳು ಚಾಂಪಿಯನ್‌ಶಿಪ್ ಗೆದ್ದ ಚಾಡ್ ನಾಸ್ ತಂದೆಯೊಂದಿಗೆ ರಾಕ್‌ಫರ್ಡ್‌ನ ಟ್ರ್ಯಾಕಿನಲ್ಲಿ ಬೆಳೆದವರು, ಆಮೇಲೆ ಎವರ್ನ್‌ಹ್ಯಾಮ್ ಕೈಕೆಳಗೆ ಟೈರು ಬದಲಿಸಿದವರು. ಸ್ಟೀವ್ ಲಟಾರ್ಟ್ ಹೆಂಡ್ರಿಕ್ ಕಾರ್ಖಾನೆಯಲ್ಲಿ ಕಸ ಗುಡಿಸುವ ಹುಡುಗನಾಗಿ ಸೇರಿ ಗಾರ್ಡನ್‌ರ ಕ್ರೂ ಚೀಫ್ ಆದರು. ಈಗ ಆ ಬಾಗಿಲು ಕಿರಿದಾಗಿದೆ. ರೇಸ್ ಎಂಜಿನಿಯರ್ ಆಗಿ ಕೆಲವು ವರ್ಷ, ಕೆಳದರ್ಜೆಯ ಸರಣಿಯಲ್ಲಿ ಕ್ರೂ ಚೀಫ್ ಆಗಿ ಒಂದೆರಡು ಋತು, ಆಮೇಲೆ ಅತ್ಯುನ್ನತ ದರ್ಜೆಯ ಕಪ್ ಸರಣಿ — ಇದು ಸಾಮಾನ್ಯ ಏಣಿ. ಕೆಲವರು ಕೆಳದರ್ಜೆ ಹಾರಿ ನೇರ ಬರುತ್ತಾರೆ: ಕ್ಲಿಫ್ ಡೇನಿಯಲ್ಸ್ ಜಾನ್ಸನ್‌ರ ಎಂಜಿನಿಯರ್ ಆಗಿದ್ದವರು 2019ರಲ್ಲಿ ಕ್ರೂ ಚೀಫ್ ಆಗಿ, 2021ರಲ್ಲಿ ಕೈಲ್ ಲಾರ್ಸನ್ ಜೊತೆ ಚಾಂಪಿಯನ್ ಆದರು. ನಿಮ್ಮಂಥವರಿಗೆ ವಾಸ್ತವದ ದಾರಿ ಬಿ.ಇ. ಮುಗಿಸಿ ವಾಹನ ಡೈನಾಮಿಕ್ಸ್‌ನಲ್ಲಿ ಸ್ನಾತಕೋತ್ತರ ಓದು. ಷಾರ್ಲಟ್‌ನ ಉತ್ತರ ಕ್ಯಾರೊಲೈನಾ ವಿಶ್ವವಿದ್ಯಾಲಯ ಮೋಟಾರ್‌ಸ್ಪೋರ್ಟ್ಸ್ ಎಂಜಿನಿಯರಿಂಗ್ ಕಲಿಸುತ್ತದೆ, ಗ್ರೀನ್‌ವಿಲ್‌ನಲ್ಲಿ ಕ್ಲೆಮ್ಸನ್‌ನ ವಾಹನ ಎಂಜಿನಿಯರಿಂಗ್ ಕೇಂದ್ರವಿದೆ. ಬೇಕಾದದ್ದು ಟೈರಿನ ಗಣಿತದ ಮಾದರಿ, ಸಿಮ್ಯುಲೇಷನ್, ಡೇಟಾ ಓದುವ ಅಭ್ಯಾಸ. ರೇಸಿಗೆ ಮುಂಚಿನ ಪ್ರಾಕ್ಟೀಸ್ ಈಗ ಬಹುಪಾಲು ಅರ್ಧ ಗಂಟೆಯೂ ಇರುವುದಿಲ್ಲ. ಟ್ರಕ್ಕಿನಿಂದ ಇಳಿದ ಕಾರು ಬಹುಮಟ್ಟಿಗೆ ಸರಿಯಾಗಿರಲೇಬೇಕು.

ಉದ್ಯೋಗದ ಭದ್ರತೆಯನ್ನು ಮುಚ್ಚಿಟ್ಟು ನಿಮ್ಮನ್ನು ಹುರಿದುಂಬಿಸಲಾರೆವು. ಡೇರಿಯನ್ ಗ್ರಬ್ 2006ರ ಡೇಟೋನಾ 500ರಲ್ಲಿ, ನಾಸ್ ಅವರನ್ನು ಹಿಂದಿನ ಗಾಜಿನ ಅಕ್ರಮ ತಿದ್ದುಪಡಿಗಾಗಿ ಹೊರಗಟ್ಟಿದಾಗ, ಅವರ ಜಾಗದಲ್ಲಿ ನಿಂತು ರೇಸ್ ಗೆಲ್ಲಿಸಿದವರು. 2011ರಲ್ಲಿ ಟೋನಿ ಸ್ಟೀವರ್ಟ್ ಕೊನೆಯ ಹತ್ತು ರೇಸುಗಳಲ್ಲಿ ಐದನ್ನು ಗೆದ್ದು, ಅಂಕಗಳು ಸಮವಾಗಿದ್ದರೂ ಗೆಲುವಿನ ಸಂಖ್ಯೆಯ ಮೇಲೆ ಚಾಂಪಿಯನ್ ಆದಾಗಲೂ ಪೆಟ್ಟಿಗೆಯ ಮೇಲೆ ಇದ್ದದ್ದು ಗ್ರಬ್. ಮುಂದಿನ ವರ್ಷ ನಿಮಗೆ ಇಲ್ಲಿ ಕೆಲಸವಿಲ್ಲ ಎಂದು ಅವರಿಗೆ ಅಷ್ಟರಲ್ಲೇ ಹೇಳಿಯಾಗಿತ್ತು. ಕೋಲ್ ಪರ್ನ್ 2017ರಲ್ಲಿ ಮಾರ್ಟಿನ್ ಟ್ರುಯೆಕ್ಸ್ ಜೊತೆ ಚಾಂಪಿಯನ್‌ಶಿಪ್ ಗೆದ್ದವರು, 2019ರ ಕೊನೆಗೆ ಮನೆಯವರ ಜೊತೆ ಇರಬೇಕೆಂದು ತಾವಾಗಿಯೇ ಬಿಟ್ಟರು. ಫೆಬ್ರವರಿಯಿಂದ ನವೆಂಬರ್‌ವರೆಗೆ ಅಂಕಗಳಿರುವ 36 ರೇಸು, ವಾರಾಂತ್ಯವೆಂಬುದು ಇರುವುದಿಲ್ಲ.

ಈಗ ನಿಮ್ಮ ಕಾಲೇಜಿನ ಕಾರಿಗೆ ಬರೋಣ, ಕಲಿಕೆ ಅಲ್ಲಿಂದಲೇ ಶುರು. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ನಡೆಯುವ ವಿದ್ಯಾರ್ಥಿಗಳ ಸ್ಪರ್ಧೆ ಫಾರ್ಮುಲಾ ಭಾರತ್‌ಗೆ ಹೋಗುವ ಮೊದಲು ಕಾರನ್ನು ನಾಲ್ಕು ತಕ್ಕಡಿಗಳ ಮೇಲೆ ತೂಗಿ. ಡ್ರೈವರ್ ಒಳಗೆ ಕೂತಿರಬೇಕು, ಓಡಿಸುವಾಗಿನಷ್ಟೇ ಪೆಟ್ರೋಲ್ ಇರಬೇಕು, ಟೈರಿನ ಒತ್ತಡ ಹೊಂದಿಸಿರಬೇಕು. ಉದಾಹರಣೆಗೆ ಎಡ ಮುಂದೆ 62, ಬಲ ಮುಂದೆ 60, ಎಡ ಹಿಂದೆ 68, ಬಲ ಹಿಂದೆ 70 ಕಿಲೊ ಬಂತೆನ್ನಿ. ಮಂಚದ ಉದಾಹರಣೆಯ ಕರ್ಣದ ಜೋಡಿ, ಅಂದರೆ ಬಲ ಮುಂದಿನದೂ ಎಡ ಹಿಂದಿನದೂ ಸೇರಿ 128. ಒಟ್ಟು 260ಕ್ಕೆ ಅದು 49.2 ಶೇಕಡಾ. ನಿಮ್ಮ ಟ್ರ್ಯಾಕಿನಲ್ಲಿ ಎಡವೂ ಬಲವೂ ತಿರುವು ಇರುವುದರಿಂದ ಗುರಿ 50. ಎರಡು ಸಲ ತೂಗಿ ಎರಡು ಉತ್ತರ ಬಂದರೆ ಕಾರಣ ಹುಡುಕಿ: ನೆಲ ಸಮವಿಲ್ಲ, ಆಂಟಿ-ರೋಲ್ ಬಾರ್ ಕಳಚಿಲ್ಲ, ಅಥವಾ ಜಾಕ್‌ನಿಂದ ಇಳಿಸಿದ ಮೇಲೆ ಕಾರನ್ನು ಹಿಂದೆ ಮುಂದೆ ಉರುಳಿಸದೆ ಸಸ್ಪೆನ್ಷನ್ ಬಿಗಿಹಿಡಿದಿದೆ. ಓಡಿಸಿ ಬಂದ ಕೂಡಲೇ ಪ್ರತಿ ಟೈರಿನ ಒಳಗೆ, ನಡುವೆ, ಹೊರಗೆ ಮೂರು ಕಡೆ ಉಷ್ಣತೆ ಬರೆದುಕೊಳ್ಳಿ. ನಡುವೆ ಹೆಚ್ಚು ಬಿಸಿಯಾದರೆ ಗಾಳಿ ಜಾಸ್ತಿ, ಎರಡು ಅಂಚು ಬಿಸಿಯಾದರೆ ಗಾಳಿ ಕಡಿಮೆ. ಒಂದು ಸಲಕ್ಕೆ ಒಂದೇ ಬದಲಾವಣೆ.

ಡ್ರೈವರ್‌ನನ್ನು ‘ಕಾರು ಹೇಗಿತ್ತು?’ ಎಂದು ಕೇಳಬೇಡಿ, ‘ಪರವಾಗಿಲ್ಲ’ ಎನ್ನುತ್ತಾನೆ. ಯಾವ ತಿರುವಿನಲ್ಲಿ, ಬ್ರೇಕ್ ಬಿಡುವಾಗಲೋ ನಡುವೆಯೋ ಗ್ಯಾಸ್ ಒತ್ತುವಾಗಲೋ, ಹತ್ತಕ್ಕೆ ಎಷ್ಟು ಲೂಸ್ ಅಥವಾ ಎಷ್ಟು ಟೈಟ್ ಎಂದು ಕೇಳಿ. ಅವನು ಹೆಲ್ಮೆಟ್ ತೆಗೆಯುವ ಮೊದಲೇ, ನೀವು ಡೇಟಾ ತೆರೆಯುವ ಮೊದಲೇ, ಅವನ ಮಾತುಗಳಲ್ಲೇ ಬರೆದುಕೊಳ್ಳಿ. ಪರದೆಯ ಗೆರೆ ನೋಡಿದ ಮೇಲೆ ಅವನೂ ಗೆರೆಯನ್ನೇ ಓದಿ ಹೇಳತೊಡಗುತ್ತಾನೆ.