ಬೋರ್‌ವೆಲ್ ನೀರಿಗೆ ಟ್ಯೂಬೋ, ಫ್ಲಾಟ್ ಪ್ಲೇಟೋ?

ಬೆಂಗಳೂರಿನಲ್ಲಿ ಬೋರ್‌ವೆಲ್ ನೀರು, ಮನೆಯಲ್ಲಿ ನಾಲ್ಕು ಜನ, ಯಾವ ಸೋಲಾರ್ ವಾಟರ್ ಹೀಟರ್ ಹಾಕಿಸಲಿ ಅಂತ ಕೇಳಿದ್ದೀರಿ. 200 ಲೀಟರ್‌ನ ಟ್ಯೂಬ್ ಮಾದರಿ (ಗಾಜಿನ ಟ್ಯೂಬುಗಳಲ್ಲಿ ನೀರು ಕಾಯುವುದು) ಸಾಕು. ಬೋರ್‌ವೆಲ್ ನೀರು ಸಾಮಾನ್ಯವಾಗಿ ಗಡಸು; ಅದಕ್ಕೆ ಫ್ಲಾಟ್ ಪ್ಲೇಟಿನ (ಗಾಜು ಮುಚ್ಚಿದ ಚಪ್ಪಟೆ ಪೆಟ್ಟಿಗೆಯ ಮಾದರಿ) ಸಣ್ಣ ತಾಮ್ರದ ಕೊಳವೆಗಳು ಸುಣ್ಣ ಕಟ್ಟಿ ಮುಚ್ಚಿಹೋಗುತ್ತವೆ. ಗಾಜಿನ ಟ್ಯೂಬನ್ನಾದರೆ ಬಿಚ್ಚಿ ತೊಳೆಯಬಹುದು. ಟ್ಯಾಂಕಿನ ಒಳಗೆ, ಅದು ತುಕ್ಕು ಹಿಡಿಯದಂತೆ ತಾನೇ ಸವೆಯುವ ಮೆಗ್ನೀಸಿಯಂ ಆನೋಡ್ ರಾಡ್ ಇರುತ್ತದೆ; ಅದನ್ನು ವರ್ಷಕ್ಕೊಮ್ಮೆ ನೋಡಿಸಿ, ಸವೆದಿದ್ದರೆ ಬದಲಾಯಿಸಿ.

ಟ್ಯೂಬುಗಳು ದಕ್ಷಿಣಕ್ಕೆ ಮುಖಮಾಡಿರಲಿ. ಸಿಂಟೆಕ್ಸಿನ ತಳ ಸೋಲಾರ್ ಟ್ಯಾಂಕಿನ ತಲೆಗಿಂತ ಮೇಲಿರಬೇಕು, ಇಲ್ಲದಿದ್ದರೆ ಟ್ಯಾಂಕ್ ಪೂರ್ತಿ ತುಂಬುವುದಿಲ್ಲ. ಸೋಲಾರ್ ಟ್ಯಾಂಕಿನ ಗಾಳಿ, ಆವಿ ಹೊರಹೋಗುವ ಏರ್ ವೆಂಟ್ ಪೈಪಿನ ತುದಿ ಸಿಂಟೆಕ್ಸಿನ ನೀರಿನ ಮಟ್ಟಕ್ಕಿಂತ ಒಂದಡಿಯಾದರೂ ಎತ್ತರದಲ್ಲಿರಲಿ. ಪ್ಲಂಬರ್‌ಗಳು ಎಡವುವುದು ಹೆಚ್ಚಾಗಿ ಇಲ್ಲೇ: ತುದಿ ತಗ್ಗಿದ್ದರೆ ಅದರಿಂದಲೇ ನೀರು ಸುರಿಯುತ್ತದೆ. ಕೆಲವರು ಆಗ ತುದಿಗೆ ಕ್ಯಾಪ್ ಹಾಕಿಬಿಡುತ್ತಾರೆ. ಹಾಗೆ ಮಾಡಲು ಖಂಡಿತ ಬಿಡಬೇಡಿ, ಒತ್ತಡಕ್ಕೆ ಟ್ಯಾಂಕೇ ಸೀಳಬಹುದು.

ಬಿಸಿನೀರಿಗೆ ಬಿಸಿ ತಡೆಯುವ ಸಿಪಿವಿಸಿಯಂಥ ಪೈಪೇ ಆಗಬೇಕು, ಮೇಲೆ ಇನ್ಸುಲೇಷನ್. ಮುಕ್ಕಾಲು ಇಂಚಿನ ಪೈಪ್ 15 ಮೀಟರ್ ಓಡಿದರೆ ಬೆಳಿಗ್ಗೆ ಸುಮಾರು 4 ಲೀಟರ್ ತಣ್ಣೀರು ಬಿಟ್ಟ ಮೇಲೇ ಬಿಸಿ ಬರುವುದು. ತಣ್ಣೀರಿಗೆ ಮಾತ್ರ ಪ್ರೆಷರ್ ಪಂಪ್ ಇದ್ದರೆ, ಬಿಸಿನೀರು-ತಣ್ಣೀರು ಬೆರೆಸುವ ಮಿಕ್ಸರ್ ನಲ್ಲಿಯ ಮೂಲಕ ಆ ನೀರು ಬಿಸಿನೀರಿನ ಪೈಪಿಗೆ ನುಗ್ಗುತ್ತದೆ. ಬಿಸಿನೀರಿನ ಪೈಪಿಗೊಂದು ನಾನ್ ರಿಟರ್ನ್ ವಾಲ್ವ್ (ನೀರನ್ನು ಒಂದೇ ದಿಕ್ಕಿಗೆ ಬಿಡುವುದು) ಹಾಕಿಸಿ.

ಮೊದಲ ಸಲ ನೀರು ತುಂಬಿಸುವುದು ಬಿಸಿಲೇರುವ ಮುಂಚೆಯೇ. ಕಾದ ಖಾಲಿ ಟ್ಯೂಬಿಗೆ ತಣ್ಣೀರು ಬಿದ್ದರೆ ಗಾಜು ಒಡೆಯುತ್ತದೆ.