ರಿಯಲ್ ಮುಂದೆ ಹೋದರೂ ಬಾಜಿ ಸೋತದ್ದೇಕೆ?

2025ರ ಮಾರ್ಚ್ 12ರಂದು ಅಟ್ಲೆಟಿಕೊ ಮ್ಯಾಡ್ರಿಡ್ ವಿರುದ್ಧ ಆಡಿದ ರಿಯಲ್ ಮ್ಯಾಡ್ರಿಡ್ ಫುಟ್ಬಾಲ್ ತಂಡ ಚಾಂಪಿಯನ್ಸ್ ಲೀಗ್ ಕ್ವಾರ್ಟರ್ ಫೈನಲ್ ಸೇರಿತಲ್ಲ, 'ರಿಯಲ್ ಗೆಲುವು' ಅಂತ ಕಟ್ಟಿದ ಚೀಟಿಗೆ ದುಡ್ಡು ಯಾಕೆ ಬರಲಿಲ್ಲ ಅಂತ ಕೇಳಿದ್ದೀರಿ. ಬುಕಿ ಮೋಸ ಮಾಡಿಲ್ಲ ಸರ್. 'ಮ್ಯಾಚ್ ರಿಸಲ್ಟ್' ಅಂದರೆ 90 ನಿಮಿಷ, ಜೊತೆಗೆ ಇಂಜುರಿ ಟೈಮ್, ಅಷ್ಟೇ. ಅವತ್ತು ಮೊದಲ ನಿಮಿಷದಲ್ಲೇ ಅಟ್ಲೆಟಿಕೊದ ಗ್ಯಾಲಗರ್ ಗೋಲು ಹೊಡೆದ. 90 ನಿಮಿಷ ಮುಗಿದಾಗ ಅಟ್ಲೆಟಿಕೊ 1-0. ಮೊದಲ ಲೆಗ್ (ಎರಡು ಪಂದ್ಯಗಳ ಈ ಸುತ್ತಿನ ಮೊದಲ ಪಂದ್ಯ) ರಿಯಲ್ 2-1 ಗೆದ್ದಿದ್ದರಿಂದ ಒಟ್ಟು 2-2 ಆಯಿತು. ಆಮೇಲಿನ ಎಕ್ಸ್‌ಟ್ರಾ ಟೈಮ್, ಪೆನಾಲ್ಟಿ ಯಾವುದೂ ನಿಮ್ಮ ಚೀಟಿಯ ಲೆಕ್ಕಕ್ಕಿಲ್ಲ. ನೀವು ಹಿಡಿಯಬೇಕಿದ್ದದ್ದು 'ಟು ಕ್ವಾಲಿಫೈ', ಅಂದರೆ ಮುಂದಿನ ಸುತ್ತಿಗೆ ಯಾರು ಹೋಗುತ್ತಾರೆ ಅನ್ನೋ ಬಾಜಿ. ಒಟ್ಟು ಗೋಲು, ಕಾರ್ನರ್ ಬಾಜಿಗಳಿಗೂ ಸಾಮಾನ್ಯವಾಗಿ ಇದೇ 90 ನಿಮಿಷದ ಕಟ್ಟು.

ಒಟ್ಟು ಗೋಲು ಸಮವಾದರೆ ಎದುರಾಳಿ ಮೈದಾನದಲ್ಲಿ ಹೆಚ್ಚು ಗೋಲು ಹೊಡೆದವರು ಮುಂದೆ ಹೋಗುವ ಅವೇ ಗೋಲ್ ನಿಯಮ 2021-22ರಿಂದಲೇ ಹೋಗಿದೆ, ಆ ಹಳೇ ಲೆಕ್ಕ ಬಿಡಿ.

ಇನ್ನು ರೇಟು, ಅಂದರೆ ಒಂದು ರೂಪಾಯಿ ಕಟ್ಟಿ ಗೆದ್ದರೆ ಒಟ್ಟು ವಾಪಸ್ ಬರುವ ದುಡ್ಡು. ಗೆಲುವು 2.10, ಡ್ರಾ 3.40, ಸೋಲು 3.60 ಇದೆ ಅನ್ನಿ. 100ನ್ನು ಒಂದೊಂದರಿಂದ ಭಾಗಿಸಿ ಕೂಡಿಸಿ: 47.6, 29.4, 27.8, ಒಟ್ಟು 104.8. ನೂರರ ಮೇಲಿನ 4.8 ಬುಕಿಯ ಪಾಲು. ಇಂಥ ನಾಲ್ಕು ಪಂದ್ಯ ಸೇರಿಸಿ ಅಕ್ಯುಮುಲೇಟರ್ (ಎಲ್ಲವೂ ಗೆದ್ದರೆ ಮಾತ್ರ ದುಡ್ಡು ಬರುವ ಒಂದೇ ಚೀಟಿ) ಕಟ್ಟಿದರೆ ಆ ಪಾಲು ಗುಣಿಸಿಕೊಂಡು 20 ದಾಟುತ್ತದೆ. ಬುಕಿಗಳು ಅಕ್ಯುಮುಲೇಟರ್‌ಗೆ ಬೋನಸ್ ಕೊಡೋದು ಸುಮ್ಮನೆ ಅಲ್ಲ.