ವಿಮಾನ ಸಿಮ್ಯುಲೇಟರ್ ವಿಡಿಯೊಗಳನ್ನು ಜನರು ಕೊನೆಯವರೆಗೂ ನೋಡುವಂತೆ ಮಾಡುವುದು ಹೇಗೆ?

ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಆಟವಾದ ಮೈಕ್ರೊಸಾಫ್ಟ್ ಫ್ಲೈಟ್ ಸಿಮ್ಯುಲೇಟರ್‌ನಲ್ಲಿ ಮುಂಬೈಯಿಂದ ಮಂಗಳೂರಿಗೆ ಹಾರಿಸಿದ ವಿಮಾನದ ಇಡೀ ಪ್ರಯಾಣವನ್ನು ಕನ್ನಡ ವಿವರಣೆಯೊಂದಿಗೆ ಯೂಟ್ಯೂಬ್‌ಗೆ ಹಾಕಿದ್ದೀರಿ. ಚಿತ್ರ ಸ್ಪಷ್ಟವಾಗಿದೆ, ವಿಮಾನವೂ ಸರಿಯಾಗಿಯೇ ಇಳಿದಿದೆ, ಆದರೂ ನೋಡುವವರು ಒಂದೆರಡು ನಿಮಿಷಗಳಲ್ಲೇ ಎದ್ದು ಹೋಗುತ್ತಿದ್ದಾರೆ, ಏನು ಮಾಡಲಿ ಎಂದು ಕೇಳಿದ್ದೀರಿ. ನಾನು ಕಾಸರಗೋಡು ಜಿಲ್ಲೆಯ ಕುಂಬಳೆ ಕಡೆಯವನು. ಇಂಥದ್ದೇ ವಿಡಿಯೊಗಳನ್ನು ಮಾಡುತ್ತಾ ಬಂದವನಾದ್ದರಿಂದ ಉತ್ತರಿಸುತ್ತಿದ್ದೇನೆ. ಗ್ರಾಫಿಕ್ಸ್ ಕಾರ್ಡ್ ಬದಲಿಸಿ, ಮೈಕ್ ಬದಲಿಸಿ ಎನ್ನುವವರು ನಿಮಗೆ ಬೇಕಾದಷ್ಟು ಮಂದಿ ಸಿಗುತ್ತಾರೆ. ನನಗನ್ನಿಸುವಂತೆ ಮೊದಲು ಬದಲಾಗಬೇಕಾದದ್ದು, ಈ ವಿಡಿಯೊವನ್ನು ಯಾರು ನೋಡುತ್ತಾರೆ ಎಂಬ ನಿಮ್ಮ ಲೆಕ್ಕಾಚಾರ.

ಸಿಮ್ಯುಲೇಟರ್ ಆಡುವ ಕನ್ನಡಿಗರು ಕೆಲವೇ ಮಂದಿ. ವಿಮಾನದ ಕಿಟಕಿಯ ಪಕ್ಕ ಕುಳಿತು ಪ್ರಯಾಣ ಮಾಡಿದವರು ಅವರಿಗಿಂತ ಎಷ್ಟೋ ಪಟ್ಟು ಹೆಚ್ಚು. ಮಂಜೇಶ್ವರ, ಉಪ್ಪಳ, ಕುಂಬಳೆ, ಕಾಸರಗೋಡಿನ ಊರುಗಳಲ್ಲಿ ಗಲ್ಫ್‌ನಲ್ಲಿ ದುಡಿದು ಬಂದವರೋ ಈಗಲೂ ಅಲ್ಲೇ ಇರುವವರೋ ಇಲ್ಲದ ಕೇರಿ ಸಿಗುವುದು ಕಷ್ಟ, ಮತ್ತು ಅವರಲ್ಲಿ ಹೆಚ್ಚಿನವರು ಹೋಗಿ ಬರುವುದು ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದ ಮೂಲಕವೇ. ಅವರು ಈ ನೆಲವನ್ನು ಆಕಾಶದಿಂದ ಕಂಡಿದ್ದಾರೆ, ಆದರೆ ಪೈಲಟ್‌ನ ಸೀಟಿನಿಂದ ಕಂಡಿಲ್ಲ. ಇಳಿಯುವ ಎಷ್ಟೋ ಹೊತ್ತಿನ ಮೊದಲೇ ಎಂಜಿನ್‌ನ ಸದ್ದು ಏಕೆ ಕುಗ್ಗಿತು, ಮಳೆಯ ದಿನ ಚಕ್ರಗಳು ಅಷ್ಟು ಜೋರಾಗಿ ಏಕೆ ನೆಲಕ್ಕೆ ಬಡಿದವು, ರಾತ್ರಿ ಇಳಿಯುವಾಗ ಒಳಗಿನ ದೀಪಗಳನ್ನು ಏಕೆ ಮಂದ ಮಾಡಿದರು ಎಂಬಂಥ ಪ್ರಶ್ನೆಗಳನ್ನು ಅವರು ಯಾರಲ್ಲಿ ಕೇಳಬೇಕೆಂದು ತಿಳಿಯದೆ ಮನಸ್ಸಿನಲ್ಲೇ ಇಟ್ಟುಕೊಂಡಿರುತ್ತಾರೆ. ಒಂದು ವಿಡಿಯೊಗೆ ಇಂಥ ಒಂದು ಪ್ರಶ್ನೆಯನ್ನು ಆರಿಸಿಕೊಂಡು, ಅದರ ಉತ್ತರಕ್ಕೆ ಬೇಕಾದಷ್ಟು ಹಾರಾಟವನ್ನು ಮಾತ್ರ ತೋರಿಸಿ. ಇಡೀ ಪ್ರಯಾಣವನ್ನು ತೋರಿಸುವ ವಿಡಿಯೊದಲ್ಲಿ ಮುಂದೇನು ಎಂದು ಕಾಯಲು ನೋಡುಗನಿಗೆ ಏನೂ ಇರುವುದಿಲ್ಲ.

ನಿಮ್ಮ ಮುಂಬೈ–ಮಂಗಳೂರು ಹಾರಾಟವನ್ನೇ ತೆಗೆದುಕೊಳ್ಳೋಣ. ಸಾವಿರ ಅಡಿ ಇಳಿಯಲು ಸುಮಾರು ಮೂರು ನಾಟಿಕಲ್ ಮೈಲು (ಒಂದು ನಾಟಿಕಲ್ ಮೈಲು ಎಂದರೆ 1.85 ಕಿಲೋಮೀಟರ್) ಬೇಕು ಎಂಬುದು ಪೈಲಟ್‌ಗಳು ಬಳಸುವ ಬಾಯಿಲೆಕ್ಕ. 36,000 ಅಡಿಯಲ್ಲಿರುವ ವಿಮಾನ ಆ ಲೆಕ್ಕದಂತೆ ನೂರು ಮೈಲಿಗೂ ಸ್ವಲ್ಪ ಮೊದಲೇ ಇಳಿಯತೊಡಗಬೇಕು, ಅಂದರೆ ಮಂಗಳೂರಿಗೆ ಹೋಗುವ ವಿಮಾನ ಕಾರವಾರದ ಆಸುಪಾಸಿನಲ್ಲೇ ಇಳಿಯುವುದಕ್ಕೆ ತೊಡಗಿರುತ್ತದೆ. ಎಂಜಿನ್‌ಗಳು ಬಹುಮಟ್ಟಿಗೆ ಬಿಡುವಿನಲ್ಲಿರುತ್ತವೆ, ಸದ್ದು ಕುಗ್ಗುತ್ತದೆ, ಕಿವಿ ಕಟ್ಟಿದಂತಾಗುತ್ತದೆ. ಪ್ರಯಾಣಿಕನು ‘ಏನೋ ಆಯಿತು’ ಎಂದು ಪಕ್ಕದವರ ಮುಖ ನೋಡುವುದು ಆಗಲೇ. ವಿಡಿಯೊವನ್ನು ಇಲ್ಲಿಂದಲೇ ಆರಂಭಿಸಿ: ಕಿಟಕಿಯ ಪಕ್ಕದ ದೃಶ್ಯ, ಕುಗ್ಗುವ ಸದ್ದು, ಕೆಳಗೆ ಕರಾವಳಿಯ ಗೆರೆ, ಮತ್ತು ‘ಮಂಗಳೂರಿಗೆ ಇನ್ನೂ ಇನ್ನೂರು ಕಿಲೋಮೀಟರ್ ಇದೆ, ಎಂಜಿನ್ ಏಕೆ ಸುಮ್ಮನಾಯಿತು?’ ಎಂಬ ಒಂದು ವಾಕ್ಯ. ಮುಂಬೈಯ ಟರ್ಮಿನಲ್, ಪುಶ್‌ಬ್ಯಾಕ್ (ವಿಮಾನವನ್ನು ಹಿಂದಕ್ಕೆ ತಳ್ಳುವುದು), ಟ್ಯಾಕ್ಸಿ (ವಿಮಾನ ನೆಲದ ಮೇಲೆ ಸಾಗುವುದು), ಟೇಕಾಫ್ ಯಾವುದೂ ಈ ಪ್ರಶ್ನೆಗೆ ಬೇಡ. ಚಾನೆಲ್‌ನ ಹೆಸರು ತಿರುಗುತ್ತಾ ಬರುವ ಆರಂಭದ ಅನಿಮೇಶನ್ ಮತ್ತು ‘ಎಲ್ಲರಿಗೂ ನಮಸ್ಕಾರ, ಚಾನೆಲ್‌ಗೆ ಸ್ವಾಗತ’ ಎಂಬ ಪೀಠಿಕೆಯಂತೂ ಖಂಡಿತ ಬೇಡ. ಮೊದಲ ಅರ್ಧ ನಿಮಿಷದಲ್ಲಿ ಹೊರಟುಹೋಗುವವರಲ್ಲಿ ಬಹಳ ಮಂದಿ ಹೋಗುವುದು ಇವುಗಳಿಂದಲೇ ಎಂಬುದು ನನ್ನ ದೃಢವಾದ ಅನಿಸಿಕೆ.

ಇನ್ನು ಕೊನೆಯ ಭಾಗದ ವಿಷಯ. ಬಜ್ಪೆಯ ರನ್‌ವೇ ಗುಡ್ಡದ ನೆತ್ತಿಯನ್ನು ಸಮತಟ್ಟು ಮಾಡಿ ಕಟ್ಟಿದ ಟೇಬಲ್‌ಟಾಪ್ ರನ್‌ವೇ. ಉದ್ದ 2,450 ಮೀಟರ್. ಮಳೆಗಾಲದಲ್ಲಿ ಗಾಳಿ ಸಮುದ್ರದ ಕಡೆಯಿಂದ ಬೀಸುವಾಗ ಸಹಜವಾಗಿ ಅದರ 24 ಎಂಬ ದಿಕ್ಕು ಬಳಕೆಗೆ ಬರುತ್ತದೆ, ಎಂದರೆ ವಿಮಾನವು ಪೂರ್ವದ ಗುಡ್ಡಗಳ ಕಡೆಯಿಂದ ಬಂದು ಸಮುದ್ರಕ್ಕೆ ಮುಖ ಮಾಡಿ ಇಳಿಯುತ್ತದೆ. ಈ ಕೊನೆಯ ಎರಡು ನಿಮಿಷವನ್ನು ಕಾಕ್‌ಪಿಟ್‌ನ ಒಂದೇ ಕ್ಯಾಮೆರಾದಲ್ಲಿ, ಎಲ್ಲಿಯೂ ಕತ್ತರಿಸದೆ ತೋರಿಸಬೇಕು. ಆರಂಭಕ್ಕೆ ಬೂದು ಮೋಡವೊಂದೇ ಕಾಣುತ್ತದೆ. ಮೋಡ ಹರಿದಾಗ ಹಸಿರಿನ ನಡುವೆ ರನ್‌ವೇಯ ದೀಪಗಳು, ಅದರ ಪಕ್ಕದಲ್ಲಿ ಸಾಲಾಗಿ ‘ಪಾಪಿ’ (PAPI) ಎಂಬ ನಾಲ್ಕು ಪುಟ್ಟ ದೀಪಗಳು ಕಾಣುತ್ತವೆ: ಎರಡು ಬಿಳಿ, ಎರಡು ಕೆಂಪು ಇದ್ದರೆ ಎತ್ತರ ಸರಿ, ಬಿಳಿ ಹೆಚ್ಚಾದರೆ ವಿಮಾನ ಬೇಕಾದುದಕ್ಕಿಂತ ಮೇಲಿದೆ, ಕೆಂಪು ಹೆಚ್ಚಾದರೆ ಕೆಳಗಿದೆ. ಇದೊಂದನ್ನು ನೋಡುಗನಿಗೆ ಮೊದಲೇ ಕಲಿಸಿಬಿಟ್ಟರೆ ಮುಂದೆ ನೀವು ಮಾತನಾಡಬೇಕಾಗಿಯೇ ಇಲ್ಲ. ಮೂರನೆಯ ದೀಪ ಬೆಳ್ಳಗಾದ ಕೂಡಲೇ ಅವನೇ ಸೀಟಿನಲ್ಲಿ ಮುಂದಕ್ಕೆ ಬಾಗುತ್ತಾನೆ.

ಅಲ್ಲಿಗೊಂದು ಸಣ್ಣ ಗಣಿತವನ್ನೂ ಸೇರಿಸಿ. ಎ320 ವಿಮಾನ ಇಳಿಯುವ ವೇಗವನ್ನು 140 ನಾಟ್ (ಗಂಟೆಗೆ 140 ನಾಟಿಕಲ್ ಮೈಲು) ಎಂದಿಟ್ಟುಕೊಂಡರೆ ಅದು ಸೆಕೆಂಡಿಗೆ 70 ಮೀಟರಿಗಿಂತ ಹೆಚ್ಚು ದೂರವನ್ನು ಕ್ರಮಿಸುತ್ತದೆ. ಮೆತ್ತಗೆ ಇಳಿಸಬೇಕೆಂದು ಪೈಲಟ್ ಐದು ಸೆಕೆಂಡು ಗಾಳಿಯಲ್ಲೇ ತೇಲಿಸಿದರೆ 350 ಮೀಟರ್ ರನ್‌ವೇ ಹಿಂದೆ ಉಳಿಯಿತು. ಒದ್ದೆ ರನ್‌ವೇಯಲ್ಲಿ ಚಕ್ರವನ್ನು ಗಟ್ಟಿಯಾಗಿ ಊರುವುದಕ್ಕೆ ಇದೊಂದು ಕಾರಣ. ನೀರಿನ ಪದರವನ್ನು ಒಡೆದು ಟೈರು ನೆಲವನ್ನು ಹಿಡಿಯಬೇಕೆಂಬುದು ಇನ್ನೊಂದು. ‘ಪೈಲಟ್ ಹೊಸಬನಿರಬೇಕು’ ಎಂದುಕೊಂಡಿದ್ದ ಪ್ರಯಾಣಿಕನಿಗೆ ಇದು ತಿಳಿದಾಗ ಆಗುವ ಸಂತೋಷವೇ ಬೇರೆ, ಮತ್ತು ವಿಡಿಯೊವನ್ನು ಅವನು ತನ್ನವರಿಗೆಲ್ಲ ವಾಟ್ಸ್ಯಾಪ್‌ನಲ್ಲಿ ಕಳುಹಿಸುವುದು ಆ ಸಂತೋಷಕ್ಕೇ. ಸಾವಿರ ಅಡಿಗೆ ಬಂದಾಗ ವೇಗ, ಎತ್ತರ, ದಿಕ್ಕು ಹದಕ್ಕೆ ಬಾರದಿದ್ದರೆ ಗೋ ಅರೌಂಡ್ ಮಾಡಿ, ಎಂದರೆ ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರಿ, ಅದನ್ನೂ ವಿಡಿಯೊದಲ್ಲಿ ಹಾಗೆಯೇ ಉಳಿಸಿಕೊಳ್ಳಿ. ಅದು ಸೋಲಲ್ಲ, ಕ್ರಮ. ಹತ್ತು ಸುಗಮ ಲ್ಯಾಂಡಿಂಗ್‌ಗಳಿಗಿಂತ ಚೆನ್ನಾಗಿ ವಿವರಿಸಿದ ಒಂದು ಗೋ ಅರೌಂಡನ್ನು ಜನರು ಹೆಚ್ಚು ಗಮನವಿಟ್ಟು ನೋಡುತ್ತಾರೆ.

ಈ ಸಂದರ್ಭದಲ್ಲಿ ಒಂದು ಮಾತನ್ನು ಹೇಳದಿರಲಾರೆ. 2010ರ ಮೇ 22ರಂದು ಇದೇ ರನ್‌ವೇಯ ತುದಿಯಿಂದ ದುಬೈ ವಿಮಾನ ಕಣಿವೆಗೆ ಜಾರಿ 158 ಮಂದಿ ತೀರಿಕೊಂಡರು. ಎಂಟು ಮಂದಿ ಮಾತ್ರ ಬದುಕಿ ಬಂದರು. ತೀರಿಕೊಂಡವರಲ್ಲಿ ನಮ್ಮ ಜಿಲ್ಲೆಯವರು ಬಹಳ ಮಂದಿ ಇದ್ದರು. ಆ ದುರಂತವನ್ನು ಸಿಮ್ಯುಲೇಟರ್‌ನಲ್ಲಿ ಮರುಸೃಷ್ಟಿಸಿ, ಬೆಂಕಿಯ ಥಂಬ್‌ನೇಲ್ ಅಂಟಿಸಿದರೆ ವೀಕ್ಷಣೆಗಳು ಬರಬಹುದು. ನಾನಂತೂ ಮಾಡುವುದಿಲ್ಲ, ನೀವೂ ಮಾಡಬೇಡಿ. ಅಸ್ಥಿರವಾದ ಇಳಿಕೆಯನ್ನು ಏಕೆ ಕೈಬಿಡಬೇಕು ಎಂಬುದನ್ನು ಯಾವ ನಿಜ ವಿಮಾನದ ಹೆಸರನ್ನೂ ಎತ್ತದೆ, ಮೇಲೆ ಹೇಳಿದಂತೆ ನಿಮ್ಮದೇ ಗೋ ಅರೌಂಡ್‌ನಿಂದ ತೋರಿಸಲು ಸಾಧ್ಯ.

ವಿವರಣೆಯ ಮಾತಿಗೆ ಬಂದರೆ, ನಮ್ಮವರಿಗೆ ತಾಳಮದ್ದಳೆಗಿಂತ ಒಳ್ಳೆಯ ಪಾಠಶಾಲೆ ಬೇಕಿಲ್ಲ. ಭಾಗವತರು ಪದ್ಯವನ್ನು ಹಾಡಿ ಮುಗಿಸಿದ ಮೇಲೆ ಅರ್ಥಧಾರಿ ಅದನ್ನೇ ಗದ್ಯದಲ್ಲಿ ಒಪ್ಪಿಸುತ್ತಾ ಕುಳಿತರೆ ಸಭೆ ಆಕಳಿಸುತ್ತದೆ. ಪದ್ಯ ಹೇಳದೆ ಬಿಟ್ಟದ್ದನ್ನು, ಪಾತ್ರದ ಮನಸ್ಸಿನಲ್ಲಿ ಇರುವುದನ್ನು ಅವನು ಹೇಳಬೇಕು. ನಿಮ್ಮ ವಿಡಿಯೊದಲ್ಲಿ ಚಿತ್ರವೇ ಪದ್ಯ. ‘ಈಗ ಫ್ಲ್ಯಾಪ್ ಹಾಕುತ್ತಿದ್ದೇನೆ, ಈಗ ಗೇರ್ ಇಳಿಸುತ್ತಿದ್ದೇನೆ’ ಎಂದರೆ ಕಣ್ಣಿಗೆ ಕಂಡದ್ದನ್ನೇ ಕಿವಿಗೂ ಹೇಳಿದಂತಾಯಿತು. ಅದರ ಬದಲು ‘ಚಕ್ರಗಳು ಹೊರಬಂದರೆ ಗಾಳಿಯ ತಡೆ ಹೆಚ್ಚುತ್ತದೆ, ವೇಗ ಇಳಿಯಲು ನನಗೀಗ ಅದೇ ಬೇಕಾಗಿದೆ, ಏಕೆಂದರೆ ರನ್‌ವೇಗೆ ಇನ್ನು ಆರು ಮೈಲಿ ಮಾತ್ರ’ ಎಂದರೆ ನೋಡುಗನು ನಿಮ್ಮ ಜೊತೆಯಲ್ಲಿ ಯೋಚಿಸತೊಡಗುತ್ತಾನೆ. ಹಾರಿಸುತ್ತಲೇ ಮಾತನಾಡುವುದಕ್ಕಿಂತ, ಎಡಿಟಿಂಗ್ ಮುಗಿದ ಮೇಲೆ ಚಿತ್ರ ನೋಡುತ್ತಾ ಬರೆದು ಓದುವುದನ್ನೇ ನಾನು ಒಪ್ಪುತ್ತೇನೆ. ‘ಅದೂ… ಏನಂದರೆ…’ ಎಂಬ ಎಳೆತಗಳು ತಾವಾಗಿಯೇ ಹೋಗುತ್ತವೆ. ಐವತ್ತು, ನಲವತ್ತು, ಮೂವತ್ತು ಎಂದು ವಿಮಾನವೇ ಅಡಿಗಳನ್ನು ಎಣಿಸತೊಡಗಿದಾಗ ನೀವು ಬಾಯಿ ಮುಚ್ಚಿಕೊಂಡಿರಬೇಕು.

ಕ್ಯಾಮೆರಾದ ಬಗ್ಗೆ ನನ್ನದೊಂದು ಹಟವಿದೆ: ಮನುಷ್ಯ ನಿಲ್ಲಬಹುದಾದ ಅಥವಾ ಕೂರಬಹುದಾದ ಜಾಗದಲ್ಲೇ ಅದನ್ನು ಇಡಬೇಕು. ಪೈಲಟ್‌ನ ಸೀಟು, ರೆಕ್ಕೆಯ ಹಿಂದಿನ ಕಿಟಕಿ, ರನ್‌ವೇ ಬೇಲಿಯ ಹೊರಗೆ ನಿಂತು ದೂರದಿಂದ ಜೂಮ್ ಮಾಡಿದ ನೋಟ, ಇಷ್ಟು ಸಾಕು. ವಿಮಾನದ ಸುತ್ತ ಗಿರಕಿ ಹೊಡೆಯುವ ಡ್ರೋನ್ ಕ್ಯಾಮೆರಾ ಮೊದಲ ಸಲ ಚೆನ್ನಾಗಿರುತ್ತದೆ, ಮೂರನೆಯ ಸಲಕ್ಕೆ ಅದು ಆಟದ ಜಾಹೀರಾತಿನಂತೆ ಕಾಣುತ್ತದೆ. ಹೊರಗಿನ ಶಾಟ್‌ಗಳನ್ನು ಹಾರಿಸುತ್ತಿರುವಾಗಲೇ ತೆಗೆಯಲು ಹೋಗಬೇಡಿ. ಎಕ್ಸ್-ಪ್ಲೇನ್ ಎಂಬ ಇನ್ನೊಂದು ಸಿಮ್ಯುಲೇಟರ್‌ನಲ್ಲಿ ರೀಪ್ಲೇ ಅದರೊಳಗೇ ಇದೆ, ಮೈಕ್ರೊಸಾಫ್ಟ್‌ನ 2020ರ ಆವೃತ್ತಿಗೆ ಸ್ಕೈ ಡಾಲಿಯಂಥ ಉಚಿತ ಸಾಧನಗಳಿವೆ. ಹಾರಾಟವನ್ನು ದಾಖಲಿಸಿಕೊಂಡು, ಆಮೇಲೆ ಬೇಕಾದ ಕೋನದಿಂದ ಚಿತ್ರಿಸಿಕೊಳ್ಳಿ.

ದೊಡ್ಡ ವಿಮಾನಗಳೇ ಆಗಬೇಕೆಂದಿಲ್ಲ. ಕಣ್ಣೂರು ವಿಮಾನ ನಿಲ್ದಾಣದಿಂದ ಸೆಸ್ನಾ 172ರಲ್ಲಿ ಹೊರಟು ಕರಾವಳಿಯ ಗುಂಟ ಬಡಗು ದಿಕ್ಕಿಗೆ ಬಂದರೆ ಸುಮಾರು ಮುಕ್ಕಾಲು ಗಂಟೆಯಲ್ಲಿ ಬಜ್ಪೆ ತಲುಪಬಹುದು. ಕವ್ವಾಯಿಯ ಹಿನ್ನೀರು, ಸಮುದ್ರಕ್ಕೆ ಚಾಚಿಕೊಂಡ ಬೇಕಲ ಕೋಟೆ, ಕಾಸರಗೋಡಿನ ಪೇಟೆಯನ್ನು ಬಳಸಿ ಬರುವ ಚಂದ್ರಗಿರಿ, ಆಮೇಲೆ ಮೊಗ್ರಾಲ್, ಶಿರಿಯ, ಉಪ್ಪಳ ಎಂದು ಒಂದೊಂದೇ ಹೊಳೆಯ ಅಳಿವೆಬಾಗಿಲು ಬಲಗಡೆಯ ಕಿಟಕಿಯಲ್ಲಿ ಸರಿದು ಹೋಗುತ್ತದೆ. ಅಳಿವೆಗಳನ್ನು ಎಣಿಸುತ್ತಾ, ಜಿಪಿಎಸ್ ಇಲ್ಲದೆ ಮಂಗಳೂರನ್ನು ಮುಟ್ಟಲು ಆಗುತ್ತದೆಯೇ ಎಂಬುದನ್ನೇ ಪ್ರಶ್ನೆಯಾಗಿ ಇಟ್ಟುಕೊಳ್ಳಿ. ಗಡಿನಾಡಿನವರು ಇದನ್ನು ತಮ್ಮ ಊರು ಬರುವ ತನಕವಾದರೂ ನೋಡಿಯೇ ನೋಡುತ್ತಾರೆ, ‘ನಮ್ಮ ಶಾಲೆಯ ಮೈದಾನ ಕಾಣಲಿಲ್ಲ’ ಎಂದು ಕೆಳಗೆ ಬರೆದು ಜಗಳವನ್ನೂ ಮಾಡುತ್ತಾರೆ. ಎರಡು ಎಚ್ಚರಿಕೆಗಳಿವೆ. ಮೈಕ್ರೊಸಾಫ್ಟ್‌ನ ಸಿಮ್ಯುಲೇಟರ್ ನಮ್ಮಂಥ ಊರುಗಳಲ್ಲಿ ಉಪಗ್ರಹ ಚಿತ್ರವನ್ನು ನೆಲಕ್ಕೆ ಹಾಸಿ, ಕಟ್ಟಡಗಳನ್ನು ಅದರಿಂದ ಊಹಿಸಿ ನಿಲ್ಲಿಸುತ್ತದೆ. ಹೆಂಚಿನ ಮನೆಯ ಜಾಗದಲ್ಲಿ ಯಾವುದೋ ದೇಶದ ಮನೆ ಬಂದು ಕುಳಿತಿರಬಹುದು. ಎರಡು ಸಾವಿರ ಅಡಿಗಿಂತ ಕೆಳಕ್ಕೆ ಹೋಗದಿದ್ದರೆ ಈ ಕೊರತೆ ಅಷ್ಟಾಗಿ ಕಾಣದು, ಸೂರ್ಯ ಕೆಳಗಿರುವ ಮುಂಜಾನೆ ಅಥವಾ ಸಂಜೆಯ ಬೆಳಕಿದ್ದರೆ ಇನ್ನೂ ಒಳ್ಳೆಯದು. ಇನ್ನೊಂದು, ನೆಲದ ಚಿತ್ರಗಳು ಅಂತರ್ಜಾಲದಿಂದ ಬರುವುದರಿಂದ ಸಂಪರ್ಕ ನಿಧಾನವಾಗಿದ್ದಾಗ ಹೊಳೆಗಳೆಲ್ಲ ಕಲಸಿದ ಬಣ್ಣದಂತೆ ಕಾಣುತ್ತವೆ. ಬಂದ ಚಿತ್ರಗಳನ್ನು ಕಂಪ್ಯೂಟರಿನಲ್ಲೇ ಉಳಿಸಿಡುವ ರೋಲಿಂಗ್ ಕ್ಯಾಶ್ ಆನ್ ಮಾಡಿಟ್ಟು ಅದೇ ದಾರಿಯಲ್ಲಿ ಒಂದು ಸಲ ಸುಮ್ಮನೆ ಹಾರಿ ಬಂದರೆ, ಎರಡನೆಯ ಸಲ ಚಿತ್ರ ಸ್ವಚ್ಛವಾಗಿರುತ್ತದೆ.

ಚಿತ್ರ, ಧ್ವನಿ ಎರಡರ ಮುದ್ರಣಕ್ಕೂ ಓಬಿಎಸ್ ಸ್ಟುಡಿಯೊ ಎಂಬ ತಂತ್ರಾಂಶ ಸಾಕು, ಅದು ಉಚಿತ. ಹಾರಿಸುತ್ತಲೇ ಮಾತನಾಡುವುದಾದರೆ ಅದರಲ್ಲಿ ಎಂಜಿನ್‌ನ ಸದ್ದನ್ನೂ ನಿಮ್ಮ ಧ್ವನಿಯನ್ನೂ ಬೇರೆ ಬೇರೆ ಟ್ರ್ಯಾಕ್‌ಗಳಿಗೆ ಹಾಕಿಕೊಂಡರೆ, ಮಾತು ಬಂದಾಗ ಎಂಜಿನ್ನನ್ನು ತಗ್ಗಿಸಿ, ಮಾತು ನಿಂತಾಗ ಏರಿಸಲು ಅನುಕೂಲ. ಕಡತವನ್ನು ಎಂಕೆವಿ ರೂಪದಲ್ಲಿ ಉಳಿಸಿ. ರೆಕಾರ್ಡಿಂಗ್‌ನ ನಡುವೆ ಕರೆಂಟು ಹೋದರೂ ಅಲ್ಲಿಯ ತನಕದ್ದು ಹಾಳಾಗುವುದಿಲ್ಲ, ನಮ್ಮ ಕಡೆಯ ಜೂನ್–ಜುಲೈ ತಿಂಗಳುಗಳಲ್ಲಿ ಇದೇನು ಸಣ್ಣ ಸೌಕರ್ಯವಲ್ಲ. ಎಡಿಟಿಂಗ್‌ಗೆ ಮೊದಲು ಓಬಿಎಸ್‌ನಲ್ಲೇ ಅದನ್ನು ಎಂಪಿ4ಗೆ ಬದಲಿಸಿಕೊಳ್ಳಬಹುದು. ಶೀಟಿನ ಮಾಡಿನ ಮೇಲೆ ಮಳೆ ಹೊಯ್ಯುತ್ತಿರುವಾಗ ಮೈಕ್ ಮುಟ್ಟಲೇಬೇಡಿ. ಹಿನ್ನೆಲೆ ಸಂಗೀತ ಹಾಕಲೇಬೇಕೆಂದಿದ್ದರೆ ಯೂಟ್ಯೂಬ್‌ನ ಆಡಿಯೊ ಲೈಬ್ರರಿಯಿಂದ ಆರಿಸಿಕೊಳ್ಳಿ, ಸಿನಿಮಾ ಹಾಡಿಗೆ ಹಕ್ಕುಸ್ವಾಮ್ಯದ ತಗಾದೆ ಬರುತ್ತದೆ. ವಿಮಾನದ ಒಳಗಿನ ಸದ್ದೇ ಇರುವಾಗ ಸಂಗೀತ ಏಕೆ ಬೇಕೆಂದು ನನಗೆ ಇನ್ನೂ ಅರ್ಥವಾಗಿಲ್ಲ. ಮೂಲೆಯಲ್ಲಿ ‘ಇದು ಸಿಮ್ಯುಲೇಟರ್ ದೃಶ್ಯ’ ಎಂದು ಉದ್ದಕ್ಕೂ ಬರೆದಿರಲಿ; ಎಲ್ಲಿಯಾದರೂ ನಿಜವಾದ ಅವಘಡ ನಡೆದಾಗ ನಿಮ್ಮ ತುಣುಕನ್ನೇ ಯಾರೋ ಕತ್ತರಿಸಿ, ಅದರ ದೃಶ್ಯವೆಂದು ಹಂಚುವುದನ್ನು ಅದು ಸ್ವಲ್ಪವಾದರೂ ತಡೆಯುತ್ತದೆ.

ವಿಡಿಯೊ ಎಷ್ಟು ಉದ್ದವಿರಬೇಕು ಎಂಬುದಕ್ಕೆ ಪ್ರತ್ಯೇಕ ನಿಯಮವಿಲ್ಲ. ಕಾರವಾರದ ಪ್ರಶ್ನೆಗೆ ಎಂಟು–ಹತ್ತು ನಿಮಿಷ ಸಾಕು, ಕರಾವಳಿಯ ಹಾರಾಟಕ್ಕೆ ಹದಿನೈದಾದರೂ ತಪ್ಪಿಲ್ಲ. ಹಾಕಿದ ಕೆಲವು ದಿನಗಳ ನಂತರ ಯೂಟ್ಯೂಬ್ ಸ್ಟುಡಿಯೊದಲ್ಲಿ ನೋಡುಗರು ಎಷ್ಟು ಹೊತ್ತು ಉಳಿದರು ಎಂಬ ಗ್ರಾಫನ್ನು ತೆರೆದು, ಗೆರೆ ಥಟ್ಟನೆ ಬೀಳುವ ಕಡೆ ವಿಡಿಯೊವನ್ನು ನಿಲ್ಲಿಸಿ, ಆ ಕ್ಷಣದಲ್ಲಿ ನೀವೇನು ಹೇಳುತ್ತಿದ್ದಿರಿ ಎಂಬುದನ್ನು ಕೇಳಿಸಿಕೊಳ್ಳಿ. ಅಲ್ಲಿ ಬಹುಪಾಲು ಸಿಗುವುದು ಒಂದೋ ಪ್ರಶ್ನೆಗೆ ಸಂಬಂಧವಿಲ್ಲದ ಸ್ವಿಚ್ಚಿನ ವಿವರಣೆ, ಇಲ್ಲವೇ ಉತ್ತರವನ್ನು ಹೇಳಿ ಮುಗಿಸಿದ ಮೇಲೂ ಎಳೆದ ಟ್ಯಾಕ್ಸಿ. ಗೆರೆ ಮೇಲಕ್ಕೆ ಏರಿದ ಜಾಗವಿದ್ದರೆ ಜನರು ಹಿಂದಕ್ಕೆ ಹೋಗಿ ಅದನ್ನು ಮತ್ತೊಮ್ಮೆ ನೋಡಿದ್ದಾರೆಂದು ಅರ್ಥ; ನಿಮ್ಮ ಮುಂದಿನ ವಿಡಿಯೊದ ಪ್ರಶ್ನೆಯನ್ನು ಅಲ್ಲಿಂದಲೇ ಎತ್ತಿಕೊಳ್ಳಬಹುದು.